ಇಂದಿನ ಚಿಂತನೆ: ನಮ್ಮ ಬದುಕನ್ನು ನಾವೇ ಬರೆಯುವಾಗ




ಈಗ ಕೆಲವು ವಿಶ್ವವಿದ್ಯಾಲಯಗಳು ಅಂಕಪಟ್ಟಿಯ ಜೊತೆಗೆ 'ನಿಮ್ಮ ಬಗ್ಗೆ ಬರೆಯಿರಿ' ಎಂದು ಪ್ರಬಂಧವನ್ನೂ ಕೇಳುತ್ತವೆ. ಆಗ ನಮ್ಮ ಮಕ್ಕಳಿಗೆ ಎರಡು ಬಗೆಯ ಬುದ್ಧಿಮಾತು ಸಿಗುತ್ತದೆ. ಜಾತಿ ಹೇಳಬೇಡ ಎನ್ನುವವರು ಒಬ್ಬರು, ಕಷ್ಟವನ್ನು ಹೆಚ್ಚಿಸಿ ಬರಿ ಎನ್ನುವವರು ಇನ್ನೊಬ್ಬರು.

ಬಾಬಾಸಾಹೇಬರು 1917ರಲ್ಲಿ ಕೆಲಸಕ್ಕೆಂದು ಬರೋಡಾಕ್ಕೆ ಹೋದಾಗ ಉಳಿಯಲು ಜಾಗ ಸಿಗದೆ, ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ವಸತಿಗೃಹದಲ್ಲಿ ಇದ್ದರು. ಗುರುತು ತಿಳಿದ ಮೇಲೆ ಕೋಲು ಹಿಡಿದು ಬಂದವರು ಅವರನ್ನು ಖಾಲಿ ಮಾಡಿಸಿದರು. ಇದು ನಮಗೆ ತಿಳಿದದ್ದು ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದದ್ದರಿಂದ. ತಲೆಯ ಮೇಲೊಂದು ಸೂರಿಗಾಗಿ ಬೇರೆ ಹೆಸರು ಹೇಳುವಂತೆ ಮಾಡಿದ್ದು ಜಾತಿ. ತಮ್ಮ ಕಥೆ ಬರೆಯಲು ಕೂತಾಗ ಅವರು ಆ ಹೆಸರಿನ ವಿಷಯವನ್ನೂ ಮುಚ್ಚಿಡಲಿಲ್ಲ.

ಮಾತಿಗೆ ಭಗವಾನರ ಅಳತೆಗೋಲು ಅಭಯರಾಜಕುಮಾರ ಸುತ್ತದಲ್ಲಿದೆ. ಸುಳ್ಳನ್ನು ಆಡುವಂತಿಲ್ಲ. ನಿಜವಾದರೂ ಹಿತ ತಾರದ ಮಾತು ಬೇಡ. ನಿಜವೂ ಹಿತವೂ ಆದದ್ದನ್ನು ಸಮಯ ನೋಡಿ ಆಡಬೇಕು. ಅಂದರೆ ನಮ್ಮ ಎಲ್ಲ ಗಾಯಗಳನ್ನೂ ಅಪರಿಚಿತರ ಮುಂದೆ ಬಿಚ್ಚಿಡಬೇಕಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ನಮ್ಮದೇ. ಹೇಳಿದ್ದು ಮಾತ್ರ ನಿಜವಿರಬೇಕು.

ನಮ್ಮ ಚನ್ನರಾಯಪಟ್ಟಣ ಹೋಬಳಿಯ ಹುಡುಗಿಯೊಬ್ಬಳು ಎಂ.ಎ. ಅರ್ಜಿ ತುಂಬುವಾಗ ಕೇಳಿದಳು: "ಅಣ್ಣಾ, ಭೂಮಿ ಹೋರಾಟದಲ್ಲಿ ನಾನೇ ಮುಂದೆ ನಿಂತಿದ್ದೆ ಅಂತ ಬರೀಲಾ? ಹಂಗೆ ಬರೆದ್ರೇ ಸೀಟು ಸಿಗೋದು ಅಂತಾರೆ."

13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳಲು ನಮ್ಮ ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತದ್ದು, 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಹೇಳಿದ್ದು ನಿಮಗೆಲ್ಲ ಗೊತ್ತು. ಧರಣಿಯಲ್ಲಿ ಕೂತವರು ಅವಳ ತಾಯಿ. ಆ ದಿನಗಳಲ್ಲಿ ಅವಳು ಹಸು ಕರೆದು, ಅಡುಗೆ ಮಾಡಿಟ್ಟು ಕಾಲೇಜಿಗೆ ಹೋಗುತ್ತಿದ್ದಳು.

ನಾನು ಹೇಳಿದೆ: "ತಾಯಿ, ಅವ್ವ ಬಿಸಿಲಲ್ಲಿ ಕೂತ ದಿನಗಳನ್ನ ನೀನು ನಿಂದು ಅಂತ ಬರೆದರೆ ನಾಲ್ಕನೇ ಶೀಲ ಒಂದೇ ಅಲ್ಲ, ಕೊಡದೇ ಇರೋದನ್ನ ತಗೋಬಾರದು ಅನ್ನೋ ಎರಡನೇ ಶೀಲಾನೂ ಮುರಿದಂಗೆ. ಹಸು ಕರೆದಿದ್ದನ್ನ ಬರಿ. ಮನೇಲಿ ನೀನಿದ್ದೆ ಅಂತಾನೇ ಅವ್ವ ಅಲ್ಲಿ ಕೂರಕ್ಕಾಯ್ತು."

ಹೆಚ್ಚಿಸಿ ಬರೆದವರಿಗೇ ಸೀಟು ಸಿಗಬಹುದು, ಇಲ್ಲವೆನ್ನಲಾರೆ. ಆದರೆ ನಮ್ಮವರ ಒಂದು ಸುಳ್ಳು ಸಿಕ್ಕಿಬಿದ್ದರೆ, ನಾಳೆ ನಮ್ಮ ಇನ್ನೊಂದು ಮಗು ಬರೆಯುವ ನಿಜವಾದ ನೋವನ್ನೂ ಜನ ಅನುಮಾನದಿಂದ ಓದುತ್ತಾರೆ. ಆ ನಷ್ಟ ಸಮುದಾಯದ್ದು.

ಇಂದಿನ ಅಭ್ಯಾಸ: ಮಕ್ಕಳು ತಮ್ಮ ಬಗ್ಗೆ ಏನೇ ಬರೆದರೂ ಮನೆಯವರ ಮುಂದೆ ಒಮ್ಮೆ ಗಟ್ಟಿಯಾಗಿ ಓದಲಿ. ನಾಲಿಗೆ ತಡವರಿಸಿದ ಸಾಲನ್ನು ತಿದ್ದಲಿ.

ಜೈ ಭೀಮ್, ನಮೋ ಬುದ್ಧಾಯ 🙏