ಕಟ್ಟಪ್ಪ ಯಾಕೆ ಕೊಂದ ಅಂತ ಕೇಳಿದವರಿಗೆ

2015ರ ಜುಲೈ 10ರಿಂದ 2017ರ ಏಪ್ರಿಲ್ 28ರವರೆಗೆ, ಹತ್ತಿರ ಹತ್ತಿರ ಎರಡು ವರ್ಷ, ಈ ದೇಶ ಒಂದು ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ಓಡಾಡಿತು. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ? ಟೀ ಅಂಗಡಿಯಲ್ಲಿ ಕೇಳಿದರು, ಕಟಿಂಗ್ ಶಾಪಿನಲ್ಲಿ ಕೇಳಿದರು, ಕಾಲೇಜಿನ ಬೆಂಚಿನ ಮೇಲೆ ಕೊರೆದರು. ಬೋರ್‌ವೆಲ್ ಬತ್ತಿ ನೇಣು ಹಾಕಿಕೊಂಡ ರೈತ ಯಾಕೆ ಸತ್ತ ಅಂತ ಕೇಳದವರೂ, ಮಲದ ಗುಂಡಿಗೆ ಇಳಿದವನು ಯಾಕೆ ಮೇಲೆ ಬರಲಿಲ್ಲ ಅಂತ ಕೇಳದವರೂ ಇದನ್ನು ಕೇಳಿದರು. ನಾನೂ ಕೇಳಿದೆ. ನನ್ನನ್ನು ಹೊರಗಿಟ್ಟುಕೊಂಡು ಈ ಮಾತು ಬರೆಯುತ್ತಿಲ್ಲ.

ರಾಜಮೌಳಿಯ ಮೊದಲ 'ಬಾಹುಬಲಿ' ಮುಗಿದದ್ದೇ ಆ ಪ್ರಶ್ನೆಯ ಮೇಲೆ. ಬಾಹುಬಲಿಯನ್ನು ಕೊಂದ ದ್ರೋಹಿ ನಾನೇ ಎಂದು ಮುದುಕ ಕಟ್ಟಪ್ಪ ಒಪ್ಪಿಕೊಂಡ ಕೂಡಲೇ ದೀಪ ಹತ್ತಿತು. ಉತ್ತರಕ್ಕೆ ಎರಡನೇ ಭಾಗದವರೆಗೆ ಕಾಯಬೇಕಾಯಿತು. ಅದು ಬಂದಾಗ ನಾನು ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದೆ. ಆಂಧ್ರದ ಗಡಿಗೆ ಅಂಟಿಕೊಂಡ ಕೋಲಾರ ಸೀಮೆ ನಮ್ಮದು. ತೆಲುಗು ನಮಗೆ ಪರಭಾಷೆಯಲ್ಲ, ಅಂಗಳದ ಭಾಷೆ. ತಾಲ್ಲೂಕು ಪಟ್ಟಣದ ಟಾಕೀಸಿಗೆ ನಾನೂ, ಕೇರಿಯ ನಾಲ್ಕು ಹುಡುಗರೂ, ನಮ್ಮ ಜೊತೆ ಹಟ ಹಿಡಿದು ಬಂದ ನನ್ನ ತಾತನೂ ಹೋದೆವು. ತೆರೆಗೆ ಅಂಟಿಕೊಂಡ ಗಾಂಧಿ ಕ್ಲಾಸಿನ ಟಿಕೆಟ್ಟು. ಕತ್ತು ಮೇಲೆತ್ತಿ ನೋಡಿದರೆ ಆನೆಯ ಕಾಲು ಎದೆಯ ಮೇಲೇ ಬಂದಂತೆ ಕಾಣುತ್ತಿತ್ತು.

ಆ ದಿನ ಜನ ಹೇಗಿದ್ದರು ಅನ್ನುವುದನ್ನು ಮೊದಲು ಹೇಳಬೇಕು. ಪ್ರಭಾಸ್ ಆನೆಯ ಸೊಂಡಿಲಿನ ಮೇಲೆ ಹತ್ತಿದಾಗ ಕಾಗದದ ಚೂರು ಮಳೆಯ ಹಾಗೆ ಬಿತ್ತು. ಭಲ್ಲಾಳದೇವ ರಾಜನಾಗಿ ಪ್ರಮಾಣ ಮಾಡಿದಾಗ ತೆರೆಯ ಮೇಲಿನ ಜನ ಕಲ್ಲಿನ ಹಾಗೆ ನಿಂತಿದ್ದರು. ಅದೇ ಬಾಹುಬಲಿ ಬಾಯಿ ತೆರೆದನೋ ಇಲ್ಲವೋ, ಮಾಹಿಷ್ಮತಿಯ ಜನ ನೆಲ ಅದುರುವ ಹಾಗೆ ಕೂಗಿದರು. ನಮ್ಮ ಟಾಕೀಸಿನ ಜನವೂ ಕೂಗಿದರು. ಯಾರ ಕೂಗು ತೆರೆಯದು, ಯಾರದು ಬೆಂಚಿನದು ಅಂತ ಬೇರೆ ಮಾಡಲು ಆಗಲಿಲ್ಲ. ಹೆಣ್ಣುಮಕ್ಕಳ ಮೈಮುಟ್ಟಿದ ಸೇನಾಪತಿಯ ಬೆರಳನ್ನು ದೇವಸೇನೆ ಕತ್ತರಿಸಿದಳು. ಬೆರಳಲ್ಲ, ತಲೆಯನ್ನೇ ತೆಗೆಯಬೇಕು ಎಂದು ಬಾಹುಬಲಿ ತೆಗೆದೇಬಿಟ್ಟ. ಆಗ ನನ್ನ ಹಿಂದಿನ ಸಾಲಿನಲ್ಲಿದ್ದ ಹೆಂಗಸರು ಎದ್ದು ನಿಂತು ಚಪ್ಪಾಳೆ ಹೊಡೆದರು.

ಈ ಚಪ್ಪಾಳೆಯನ್ನು ನಾನು ಗೇಲಿ ಮಾಡಲಾರೆ. ಸಿನಿಮಾ ನೋಡಿ ಶಿಳ್ಳೆ ಹೊಡೆಯುವವರೆಲ್ಲ ಮಂಕುದಿಣ್ಣೆಗಳು ಅನ್ನುವ ವಿಚಾರವಂತರು ನಮ್ಮಲ್ಲೂ ಇದ್ದಾರೆ. ಅವರು ಬಾಲ್ಕನಿಯಲ್ಲಿ ಕೂತು ಮಾತಾಡುತ್ತಾರೆ. ಗದ್ದೆಯಲ್ಲಿ, ಗಾರ್ಮೆಂಟ್ಸಿನಲ್ಲಿ ಮೈಮುಟ್ಟಿಸಿಕೊಂಡು, ದೂರು ಕೊಡಲು ಹೋಗಿ ಇನ್ನಷ್ಟು ಅನ್ನಿಸಿಕೊಂಡು ಬಂದ ಹೆಂಗಸಿಗೆ ಆ ಕತ್ತಿಯ ಏಟು ಕಟ್ಟುಕತೆಯಲ್ಲ. ಸಿಗದೇಹೋದ ನ್ಯಾಯದ ಮೂರು ಕ್ಷಣ ಅದು. ಆ ಮೂರು ಕ್ಷಣಕ್ಕೆ ಅವಳು ದುಡ್ಡು ಕೊಟ್ಟಿದ್ದಾಳೆ.

ಆಮೇಲೆ ಆ ಘಳಿಗೆ ಬಂತು. ರಾಜಮಾತೆ ಶಿವಗಾಮಿ ಕಟ್ಟಪ್ಪನನ್ನು ಕರೆದು ಬಾಹುಬಲಿಯನ್ನು ಕೊಲ್ಲು ಅಂದಳು. ಎತ್ತಿ ಆಡಿಸಿದ ಕೂಸು, ತನ್ನನ್ನು ಬಾಯ್ತುಂಬ ಮಾಮ ಅನ್ನುವ ಕೂಸು. ಕಟ್ಟಪ್ಪ ಅತ್ತ, ಕಾಲಿಗೆ ಬಿದ್ದ. ನೀನು ಕೊಲ್ಲದಿದ್ದರೆ ನಾನೇ ಕೊಲ್ಲುತ್ತೇನೆ ಎಂದಳು ಆಕೆ. ಕೊನೆಗೆ ತನ್ನನ್ನು ಕಾಪಾಡಲು ಬಂದವನ ಬೆನ್ನಿಗೇ ಕಟ್ಟಪ್ಪ ಕತ್ತಿ ಹಾಕಿದ. ಟಾಕೀಸಿನಲ್ಲಿ ಉಸಿರಿಲ್ಲ. ಎರಡು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಹೇಳಿದರು, ಅದಕ್ಕೆ ಕೊಂದ.

ಹೊರಗೆ ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು. 'ಪಾಪ ಕಟ್ಟಪ್ಪ. ಅವನೇನು ಮಾಡ್ತಾನೆ? ಮಾತು ಕೊಟ್ಟಿದ್ದ.'

ಯಾರು ಕೊಟ್ಟಿದ್ದು? ಅವನಲ್ಲ. ಮಾಹಿಷ್ಮತಿಯ ಸಿಂಹಾಸನಕ್ಕೆ ನಮ್ಮ ವಂಶವೇ ಗುಲಾಮ ಎಂದು ಅವನ ಹಿರಿಯರು ಯಾವಾಗಲೋ ಕೊಟ್ಟ ಮಾತು. ಮೊದಲ ಭಾಗದಲ್ಲಿ ನಮ್ಮ ಸುದೀಪ್ ಮಾಡಿದ ಅಸ್ಲಂ ಖಾನನ ಪಾತ್ರ ನೆನಪಿರಬಹುದು. ಹೊರಗಿನಿಂದ ಬಂದ ಆ ಕತ್ತಿ ವ್ಯಾಪಾರಿಗೆ ಇಂಥ ಶೂರ ಗುಲಾಮನಾಗಿರುವುದೇ ಅರ್ಥವಾಗುವುದಿಲ್ಲ. ಬಿಡಿಸಿಕೊಂಡು ಹೋಗಲು ತಯಾರಾಗುತ್ತಾನೆ. ಕಟ್ಟಪ್ಪ ಒಲ್ಲೆ ಅನ್ನುತ್ತಾನೆ. ಅಲ್ಲೂ ನಾವು ಚಪ್ಪಾಳೆ ಹೊಡೆದೆವು. ಬೇಡಿ ಬಿಚ್ಚುತ್ತೇನೆ ಅಂದವನಿಗಲ್ಲ, ಬೇಡ ಅಂದವನಿಗೆ. ಅದೇ ಮೊದಲ ಭಾಗದಲ್ಲಿ ಕಟ್ಟಪ್ಪ ಮಂಡಿಯಲ್ಲೇ ಜಾರಿ ಬಂದು ಹುಡುಗನೊಬ್ಬನ ಪಾದ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಾಗ ಶಿಳ್ಳೆಗೆ ಸೂರು ಹಾರಿತು. ಶತಮಾನಗಳ ಕಾಲ ಯಾರ ಪಾದ ಯಾರ ತಲೆಯ ಮೇಲಿತ್ತೋ ಆ ತಲೆಗಳೇ ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವು. ನನ್ನ ಶಿಳ್ಳೆಯೂ ಅದರಲ್ಲಿತ್ತು.

ಊರಿಗೆ ಹೋಗುವ ಕೊನೆ ಬಸ್ಸಿನಲ್ಲಿ ನಾನು ತಾತನ ಹತ್ತಿರ ಜಗಳಕ್ಕೆ ಬಿದ್ದೆ. ಕಟ್ಟಪ್ಪ ಮಾಡಿದ್ದು ಸರೀನಾ ಅಂದೆ. 'ಸರಿಯೋ ತಪ್ಪೋ, ಉಂಡ ಮನೆಗೆ ಎರಡು ಬಗೀಬಾರದಪ್ಪಾ' ಅಂದ ತಾತ. ಮಾತು ಕೊಟ್ಟೋನು ಅವನಲ್ಲವಲ್ಲ ತಾತ ಅಂದೆ. ತಾತ ಕಿಟಕಿಯ ಕಡೆ ತಿರುಗಿ ಕೂತ. ತುಂಬಾ ಹೊತ್ತಿನ ಮೇಲೆ, ನನಗೆ ಹೇಳಿದ ಹಾಗೂ ಅಲ್ಲ, 'ಭಾವನ ಗುಡಿಸಲು ಕಿತ್ತಿದ್ದೂ ನಾನೇ' ಅಂದ.

ಆ ಕತೆ ನನಗೆ ಪೂರ್ತಿ ಗೊತ್ತಾದದ್ದು ಅವತ್ತು. ನಮ್ಮ ಮುತ್ತಾತ ಮಗಳ ಮದುವೆಗೆ ಊರ ಧಣಿಯ ಹತ್ತಿರ ಸಾಲ ಮಾಡಿದ. ಸಾಲಕ್ಕೆ ತಾತನನ್ನು ಬಿಟ್ಟ. ಹತ್ತು ವರ್ಷದ ಹುಡುಗ ದನ ಕಾಯಲು ಹೋಗಿ, ಮೀಸೆ ಬಂದ ಮೇಲೆ ನೇಗಿಲು ಹಿಡಿದ. ಒಂದು ಬೇಸಿಗೆ ಕೇರಿಯವರು ಸತ್ತ ದನ ಹೊರುವುದಿಲ್ಲ ಅಂದರು. ಮುಂದೆ ನಿಂತು ಅಂದವನು ಅಜ್ಜಿಯ ಅಣ್ಣ. ಧಣಿ ತಾತನನ್ನು ಕರೆಸಿ, ಹೋಗಿ ಅವನ ಗುಡಿಸಲಿನ ಗಳ ಕಿತ್ತು ಬಾ ಅಂದ. ತಾತ ಕಿತ್ತ. ಹಗಲು ಹೊತ್ತಿನಲ್ಲಿ, ಅಜ್ಜಿಯ ಎದುರಿಗೆ. ಆ ಭಾವ ಅವತ್ತೇ ರಾತ್ರಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೆಜಿಎಫ್‌ಗೆ ಹೋದ. ಸಾಯುವವರೆಗೆ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ.

'ನಾನು ಕೀಳದಿದ್ರೆ ಧಣಿ ಬೇರೆ ಆಳು ಬಿಟ್ಟು ಸುಡಿಸ್ತಿದ್ದ. ನಾನು ಕಿತ್ರೆ ಗಳ ಆದ್ರೂ ಉಳೀತದೆ ಅಂದ್ಕಂಡೆ' ಅಂದ ತಾತ.

ನೋಡಿ, ಶಿವಗಾಮಿಯ ಮಾತೂ ಇದೇ. ನೀನು ಮಾಡದಿದ್ದರೆ ನಾನು ಮಾಡುತ್ತೇನೆ, ಇನ್ನೂ ಕೆಟ್ಟದಾಗಿ ಮಾಡುತ್ತೇನೆ. ಒಡೆಯನ ಕೈಯಲ್ಲಿರುವ ದೊಡ್ಡ ಆಯುಧ ಚಾವಟಿಯಲ್ಲ, ಈ ಮಾತು. ಇದು ಆಳಿನ ಒಳ್ಳೆಯತನವನ್ನೇ ಹಿಡಿದು ಎಳೆಯುತ್ತದೆ. ಕಡಿಮೆ ನೋವಾಗಲಿ ಅಂತ ಅವನು ಏಟು ಹಾಕುತ್ತಾನೆ. ಏಟು ಬಿದ್ದ ಮೇಲೆ ಅದು ಒಡೆಯನ ಏಟಲ್ಲ, ಅವನ ಏಟು. ಶಿವಗಾಮಿಯ ಕೈಗೆ ರಕ್ತ ಅಂಟಲಿಲ್ಲ. ಧಣಿಯ ಕೈಗೆ ಸೋಗೆಯ ಧೂಳು ಅಂಟಲಿಲ್ಲ. ಕಟ್ಟಪ್ಪ ತನ್ನನ್ನು ತಾನೇ ದ್ರೋಹಿ ಅಂದುಕೊಂಡ. ನನ್ನ ತಾತ ಐವತ್ತು ವರ್ಷ ಹಾಗೇ ಅಂದುಕೊಂಡು ರಾಗಿ ಮುದ್ದೆ ನುಂಗಿದ.

ಇಂಥ ನಿಷ್ಠೆ ಸಿನಿಮಾದವರು ಹೊಸದಾಗಿ ಕಟ್ಟಿದ್ದಲ್ಲ. ನಮ್ಮ ಹಳೆಗನ್ನಡ ಇದಕ್ಕೆ ಜೋಳವಾಳಿ ಎಂದು ಹೆಸರಿಟ್ಟಿದೆ. ಜೋಳ ಕೊಟ್ಟವನಿಗೆ ಪ್ರಾಣ ಕೊಡುವುದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರ ಒಂದು ಕಂಬವಿದೆ. ಎರಡನೇ ವೀರಬಲ್ಲಾಳ ಸತ್ತಾಗ ಅವನ ಗರುಡನಾಗಿದ್ದ ಕುವರ ಲಕ್ಷ್ಮ ಹೆಂಡತಿ, ಪರಿವಾರದ ಸಮೇತ ಜೀವ ಕೊಟ್ಟದ್ದನ್ನು ಅದು ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳ ಚಿತ್ರ ಅದರ ಮೇಲಿದೆ. ಶಾಲೆಯ ಪ್ರವಾಸದಲ್ಲಿ ನಮಗೆ ಅದನ್ನು ತೋರಿಸಿ ಸ್ವಾಮಿನಿಷ್ಠೆ ಅಂದರು. ಪರಿವಾರದಲ್ಲಿ ಒಲ್ಲೆ ಅಂದವರು ಇದ್ದರೋ ಏನೋ. ಒಲ್ಲೆ ಅಂದವರಿಗೆ ಯಾರೂ ಕಂಬ ನಿಲ್ಲಿಸುವುದಿಲ್ಲ.

ಜೋಳದ ಋಣ, ಅನ್ನದ ಋಣ ಅನ್ನುತ್ತಾರಲ್ಲ, ಆ ಲೆಕ್ಕವನ್ನೇ ಒಮ್ಮೆ ಸರಿಯಾಗಿ ಹಾಕೋಣ. ಧಣಿಯ ಮನೆಯ ರಾಗಿ ಬಿತ್ತಿದ್ದು ಯಾರು? ತಾತ. ಕಳೆ ತೆಗೆದದ್ದು ಅಜ್ಜಿ. ಕೊಯ್ದು ಬಡಿದು ತೂರಿದ್ದು ಕೇರಿ. ಆ ರಾಗಿಯಲ್ಲಿ ಒಂದು ಮುದ್ದೆ ತಾತನ ಕೈಗೆ ಮೇಲಿನಿಂದ ಬಿತ್ತು. ಹಾಗಾದರೆ ಋಣ ಯಾರ ಮೇಲೆ ಯಾರಿಗೆ? ಉಂಡ ಮನೆಗೆ ಎರಡು ಬಗೆದವರು ಯಾರು?

ಮಾತು ಕೊಡುವುದು ದೊಡ್ಡದು, ಒಪ್ಪುತ್ತೇನೆ. ಆದರೆ ಇಲ್ಲ ಅನ್ನಲು ಬರುವವನು ಹೌದು ಅಂದರೆ ಮಾತ್ರ ಅದು ಮಾತು. ಇಲ್ಲ ಅನ್ನುವ ದಾರಿಯೇ ಇಲ್ಲದವನ ಬಾಯಿಂದ ಬಂದದ್ದು ನರಳಾಟ. ಹುಟ್ಟದೇ ಇರುವ ಮಗುವಿನ ಪರವಾಗಿ ತಂದೆ ಕೊಟ್ಟದ್ದಂತೂ ಮಾತೇ ಅಲ್ಲ, ಅದು ಕಳವು. ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1976ರ ಜೀತಪದ್ಧತಿ ರದ್ದು ಕಾಯ್ದೆ ಹಿರಿಯರ ಸಾಲಕ್ಕೆ ಕಿರಿಯರು ದುಡಿಯುವ ಕಟ್ಟನ್ನು ಕಡಿಯಿತು. ಜೀತದ ಸಾಲ ತೀರಿಸಬೇಕಾದ್ದೇ ಇಲ್ಲ ಎಂದಿತು. ಬಾಬಾಸಾಹೇಬರ ನಾಡಿನ ಕಾನೂನಿನ ಪ್ರಕಾರ ಕಟ್ಟಪ್ಪನ ಮಾತು ಬಿದ್ದುಹೋಗಿದೆ. ಆದರೆ ಟಾಕೀಸಿನ ಕತ್ತಲಲ್ಲಿ ಅದು ಇನ್ನೂ ಚಲಾವಣೆಯಲ್ಲಿದೆ. ಅದು ಬಿದ್ದುಹೋದರೆ ಕತೆಯೂ ಬಿದ್ದುಹೋಗುತ್ತದೆ. ಆಗುವುದಿಲ್ಲ ತಾಯೀ ಅಂತ ಕಟ್ಟಪ್ಪ ಅಂದಿದ್ದರೆ ಎರಡನೇ ಭಾಗವೇ ಇಲ್ಲ. ಲೋಕದಾದ್ಯಂತ ಸಾವಿರ ಕೋಟಿ ರೂಪಾಯಿ ದಾಟಿದ ಮೊದಲ ಭಾರತೀಯ ಚಿತ್ರ ನಿಂತಿರುವುದು ಒಬ್ಬ ಗುಲಾಮನ ಆಗಲಿ ಅನ್ನುವ ಮಾತಿನ ಮೇಲೆ.

ಜನ ಸಿನಿಮಾವನ್ನು ಸುಮ್ಮನೆ ನುಂಗುತ್ತಾರೆ ಅಂತಲೂ ಅಲ್ಲ. 2015ರಲ್ಲಿ ತಮಿಳು ಆವೃತ್ತಿಯಲ್ಲಿ ಒಂದು ದಲಿತ ಜಾತಿಯ ಹೆಸರನ್ನು ಬೈಗುಳದಂತೆ ಬಳಸಿದ್ದಕ್ಕೆ ತಮಿಳುನಾಡಿನಲ್ಲಿ ಪ್ರತಿಭಟನೆ ನಡೆಯಿತು. ಸಂಭಾಷಣೆ ಬರೆದ ಮದನ್ ಕಾರ್ಕಿ ಕ್ಷಮೆ ಕೇಳಿದರು. 2017ರ ಏಪ್ರಿಲಿನಲ್ಲಿ ನಮ್ಮ ರಾಜ್ಯದಲ್ಲೂ ಗದ್ದಲವಾಯಿತು. ಕಟ್ಟಪ್ಪನ ಪಾತ್ರ ಮಾಡಿದ ಸತ್ಯರಾಜ್ ಒಂಬತ್ತು ವರ್ಷ ಹಿಂದೆ ಕಾವೇರಿ ವಿಚಾರದಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳದಿದ್ದರೆ ಚಿತ್ರ ಬಿಡುವುದಿಲ್ಲ ಎಂದು ಕನ್ನಡ ಸಂಘಟನೆಗಳು ಪಟ್ಟು ಹಿಡಿದವು. ಬಂದ್ ಕರೆಯೂ ಬಂತು. ಅವರು ವಿಷಾದ ಹೇಳಿದ ಮೇಲೆ ಚಿತ್ರ ಬಂತು. ಭಾಷೆಗೆ ನೋವಾದರೆ ಬೀದಿಗೆ ಬರುವ ಶಕ್ತಿ ನಮಗಿದೆ. ಸತ್ಯರಾಜ್ ಆಡಿದ ಮಾತು ನಮಗೆ ಚುಚ್ಚಿತು. ಕಟ್ಟಪ್ಪ ಎತ್ತಿಟ್ಟುಕೊಂಡ ಪಾದ ಯಾಕೆ ಚುಚ್ಚಲಿಲ್ಲ? ಕಾಲಕೇಯರೆಂದು ಮೈಗೆ ಕಪ್ಪು ಬಳಿದು, ಅರ್ಥವಾಗದ ಕಿಲಿಕಿ ಭಾಷೆ ಆಡಿಸಿ, ಹಿಂಡುಹಿಂಡಾಗಿ ಕಡಿದಾಗ ನಮ್ಮ ಮೈಬಣ್ಣ ನಮಗೆ ಯಾಕೆ ನೆನಪಾಗಲಿಲ್ಲ?

ಹಾಗಾದರೆ ಕಟ್ಟಪ್ಪ ಅಪರಾಧಿಯೋ? ನನ್ನ ತಾತ ಅಪರಾಧಿಯೋ? ಈ ಪ್ರಶ್ನೆಯ ಹತ್ತಿರ ನನ್ನ ಪೆನ್ನು ಎಷ್ಟೋ ಸಲ ನಿಂತಿದೆ. ಪದವಿ ಪಡೆದ ಮೊಮ್ಮಗ, ಹೊಟ್ಟೆ ತುಂಬಿದ ಮೇಲೆ, ಜೀತದಾಳನ್ನು ಕಟಕಟೆಗೆ ಹತ್ತಿಸುವುದು ಸುಲಭ. ತಾತ ಇಲ್ಲ ಅಂದಿದ್ದರೆ ಅಜ್ಜಿಯ ಗುಡಿಸಲಿಗೂ ಬೆಂಕಿ ಬೀಳುತ್ತಿತ್ತು. ನನ್ನ ಅಪ್ಪ ಹುಟ್ಟುತ್ತಿದ್ದನೋ ಇಲ್ಲವೋ. ಆದರೆ ಅದೇ ಧಣಿಯ ಅದೇ ಊರಲ್ಲಿ ಭಾವ ಇಲ್ಲ ಅಂದಿದ್ದ. ಅವನಿಗೂ ಹೆಂಡತಿ ಮಕ್ಕಳಿದ್ದರು. ತಾತ ಏನೂ ಮಾಡಲು ಸಾಧ್ಯವಿರಲಿಲ್ಲ ಅಂತ ನಾನು ಬರೆದರೆ ಭಾವನ ಗುಡಿಸಲನ್ನು ಎರಡನೇ ಸಲ ಕಿತ್ತಂತೆ.

ಅದಕ್ಕೆ ನಾನು ಮುಟ್ಟಿದ ತೀರ್ಮಾನ ಇಷ್ಟೇ. ಜೀತದ ನಿಷ್ಠೆಯನ್ನು ಕ್ಷಮಿಸಬಹುದು. ಅದಕ್ಕಾಗಿ ಅಳಬಹುದು. ಹೊಗಳಬಾರದು. ಕ್ಷಮಿಸಿದಾಗ, ಆದದ್ದು ತಪ್ಪು ಎಂದು ಒಪ್ಪಿಕೊಂಡಿರುತ್ತೇವೆ. ಹೊಗಳಿದಾಗ, ಅದೇ ತಪ್ಪನ್ನು ಮೊಮ್ಮಗನಿಗೆ ಆಸ್ತಿಯಾಗಿ ಬರೆದುಕೊಡುತ್ತೇವೆ. ಸರಪಳಿಯ ಕಬ್ಬಿಣವನ್ನು ಕಾನೂನು ಕಡಿಯಬಹುದು, ಆದರೆ ಅದಕ್ಕೆ ಸುತ್ತಿದ ಹೂವನ್ನು ನಾವೇ ಬಿಚ್ಚಬೇಕು. ಬಸ್ಸಿನಲ್ಲಿ ತಾತ ಕಟ್ಟಪ್ಪನನ್ನು ಹೊಗಳಿದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ. ನಾಡೇ ಪಾಪ ಅಂದ ಆಳಿನ ಪಕ್ಕದಲ್ಲಿ ತನಗೂ ಒಂದು ಜಾಗ ಸಿಗಲಿ ಅಂತ. ಯಾರೂ ಅವನಿಗೆ ಪಾಪ ಅಂದಿರಲಿಲ್ಲ.

ತಾತ ಈಗಿಲ್ಲ. 2025ರ ಅಕ್ಟೋಬರ್ 31ರಂದು ಎರಡೂ ಭಾಗ ಸೇರಿಸಿ ಮತ್ತೆ ತೆರೆಗೆ ತಂದರು. ಅಕ್ಕನ ಮಗನನ್ನು ಕರೆದುಕೊಂಡು ಹೋದೆ, ಏಳನೇ ಕ್ಲಾಸಿನ ಹುಡುಗ. ಯಾರು ಯಾರನ್ನು ಯಾಕೆ ಕೊಂದರು ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಅದೇ ಜಾಗಗಳಲ್ಲಿ ಅದೇ ಶಿಳ್ಳೆ. ಕತ್ತಿ ಬೆನ್ನಿಗೆ ಇಳಿದಾಗ ಹುಡುಗ ನನ್ನ ಕಿವಿಯ ಹತ್ತಿರ ಬಂದು ಕೇಳಿದ: 'ಮಾವ, ಕಟ್ಟಪ್ಪಂಗೆ ಸಂಬಳ ಎಷ್ಟು ಕೊಡ್ತಿದ್ರು?'

ನನಗೆ ನಗು ಬಂತು. ಆಮೇಲೆ ಬರಲಿಲ್ಲ.

ಹಳ್ಳಿ ಶಾಲೆಯ ಮೇಷ್ಟರುಗಳಿಗೆ, ಮೇಡಂಗಳಿಗೆ ನನ್ನ ಬೇಡಿಕೆ ಒಂದೇ. ಮಕ್ಕಳಿಗೆ ಸಿನಿಮಾ ನೋಡಬೇಡಿ ಅನ್ನಬೇಡಿ. ನೋಡಲಿ, ಶಿಳ್ಳೆಯನ್ನೂ ಹೊಡೆಯಲಿ. ಸೋಮವಾರ ಕ್ಲಾಸಿನಲ್ಲಿ ಕತೆ ಹೇಳಿಸಿ. ಕಟ್ಟಪ್ಪ ಯಾಕೆ ಕೊಂದ ಅಂತ ಅವರು ಚೆನ್ನಾಗಿ ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ಈ ಹುಡುಗನ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಉತ್ತರ ಹೇಳದೆ ಸುಮ್ಮನೆ ನಿಂತುಕೊಳ್ಳಿ.