ಹಚ್ಚೆಯೂ ಕಲೆಯೂ

ಬರೆಯುವವನಿಗೆ ಅಳಿಸುವ ಸ್ವಾತಂತ್ರ್ಯವೂ ಬೇಕೆಂಬುದು ಉಪಾಧ್ಯಾಯರಾದ ನಾವು ದಿನವೂ ಕಾಣುವ ಸತ್ಯ. ಮರಳಿನ ಮೇಲೆ ತಿದ್ದಿದ ಅಕ್ಷರವು ಅಂಗೈಯಿಂದ ಸವರಿದರೆ ಹೋಗುತ್ತದೆ. ಹಲಗೆಯ ಮೇಲಿನದು ಒದ್ದೆಯ ಬಟ್ಟೆಗೆ ಹೋಗುತ್ತದೆ. ಕಾಗದದ ಮೇಲೆ ಶಾಯಿಯಿಂದ ಬರೆದುದನ್ನು ಅವಸರದಿಂದ ಉಜ್ಜಿದರೆ ಅಕ್ಷರದೊಡನೆ ಕಾಗದವೂ ಹರಿಯುತ್ತದೆ. ಹಾಗಾದರೆ ಮೈಯ ಮೇಲೆ ಬರೆದುದರ ಗತಿಯೇನು? ಹಚ್ಚೆಯು ಚಿತೆಯವರೆಗೂ ಜೊತೆಗೆ ಬರುವುದೆಂದು ನಮ್ಮ ಹಿರಿಯರು ನಂಬಿದ್ದರು. ಇಂದು ಲೇಸರ್ ಎಂಬ ಬೆಳಕಿನ ಉಪಕರಣವು ಅದನ್ನೂ ಅಳಿಸಬಲ್ಲದು. ಆದರೆ ಅಳಿಸಿದೆಡೆಯಲ್ಲಿ ಗಾಯದ ಕಲೆಯು ಉಳಿಯುವ ಸಂಭವವುಂಟು. ಹೀಗಿರುವಲ್ಲಿ ಒಂದು ನೈತಿಕ ಪ್ರಶ್ನೆಯು ಏಳುತ್ತದೆ. ಕಲೆಯ ಅಪಾಯವನ್ನು ಹೊತ್ತು ಹಳೆಯ ಗುರುತನ್ನು ಕಳೆದುಕೊಳ್ಳಹೊರಡುವುದು ಯುಕ್ತವೇ? ಅದನ್ನು ನಿರ್ಣಯಿಸುವ ಅಧಿಕಾರವು ಯಾರದು?

ಮೊದಲು ಹಚ್ಚೆಯ ಸ್ವರೂಪವನ್ನು ತಿಳಿಯೋಣ. ನೆರೆಯ ತೆಲುಗರು ಇದನ್ನು ಪಚ್ಚಬೊಟ್ಟು ಎನ್ನುತ್ತಾರೆ. ತಮಿಳರೂ ಪಚ್ಚೆ ಎಂದೇ ಕರೆಯುತ್ತಾರೆ. ನಮ್ಮ ನುಡಿಯಲ್ಲಿ ಪಕಾರವು ಹಕಾರವಾಗಿ ಹಚ್ಚೆಯಾಯಿತು. ಎಲ್ಲಕ್ಕೂ ಮೂಲವು ಹಸುರು ಬಣ್ಣವೇ. ವಿಚಿತ್ರವೆಂದರೆ, ಹಿಂದೆ ಚುಚ್ಚಲು ಬಳಸುತ್ತಿದ್ದುದು ದೀಪದ ಕಾಡಿಗೆಯ ಕಪ್ಪು. ಆ ಕಪ್ಪು ಕಣಗಳು ಒಳಚರ್ಮದಲ್ಲಿ ನೆಲೆಸಿದ ಮೇಲೆ, ಮೇಲಿನ ಪದರದಲ್ಲಿ ಚದರುವ ಬೆಳಕಿನಿಂದಾಗಿ ಹಸುರು ನೀಲಿಯಾಗಿ ತೋರುತ್ತವೆ. ಹೊರಚರ್ಮವು ಕೆಲವು ವಾರಗಳಲ್ಲಿ ಉದುರಿ ಹೊಸದಾಗುತ್ತಿದ್ದರೂ ಹಚ್ಚೆಯು ಉದುರದು. ಏಕೆಂದರೆ ಸೂಜಿಯು ಬಣ್ಣವನ್ನು ಅದರ ಕೆಳಗೆ ಇಳಿಸಿರುತ್ತದೆ. ಅಲ್ಲಿ ಕಾವಲಿರುವ ಭಕ್ಷಕ ಕೋಶಗಳು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಫ್ರಾನ್ಸಿನ ಮಾರ್ಸೇಲ್ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ 2018ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ನುಂಗಿದ ಕೋಶವು ಸತ್ತಾಗ ಹೊರಚೆಲ್ಲುವ ಬಣ್ಣವನ್ನು ಹೊಸದಾಗಿ ಬಂದ ಕೋಶವು ಎತ್ತಿಕೊಳ್ಳುತ್ತದೆ. ನಾವು ಅಚಲವೆಂದು ತಿಳಿದ ಗುರುತು, ಅಜ್ಜಿಯ ಕಥೆಯು ಮೊಮ್ಮಗಳಿಗೆ ದಾಟುವಂತೆ, ಒಬ್ಬರಿಂದೊಬ್ಬರಿಗೆ ದಾಟುತ್ತ ಉಳಿದ ಹೊರೆಯಾಗಿದೆ!

ಇಂತಹ ಹೊರೆಯನ್ನು ಇಳಿಸುವ ಬಯಕೆಯು ಹೊಸತೇನೂ ಅಲ್ಲ. 6ನೆಯ ಶತಮಾನದ ಗ್ರೀಕ್ ವೈದ್ಯನಾದ ಏಟಿಯಸನು ಹಚ್ಚೆ ತೆಗೆಯುವ ಲೇಪಗಳನ್ನು ವಿವರಿಸಿದ್ದಾನೆ. ಉಪ್ಪಿನಿಂದ ಉಜ್ಜುವುದು, ಆಮ್ಲದಿಂದ ಸುಡುವುದು, ಚರ್ಮವನ್ನೇ ಕೊಯ್ದು ಹೊಲಿಯುವುದು, ಇವೆಲ್ಲವೂ ನಡೆದವು. ಇವುಗಳಲ್ಲಿ ಹಚ್ಚೆಯು ಹೋಗುವುದು ಸಂದೇಹ, ಕಲೆಯು ಉಳಿಯುವುದು ನಿಶ್ಚಯ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನರು ಮೊದಲ ಲೇಸರನ್ನು ಬೆಳಗಿಸಿದರು. ಅದೇ ದಶಕದಲ್ಲಿ ಲಿಯಾನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯರು ಅದನ್ನು ಹಚ್ಚೆಯ ಮೇಲೆ ಹಾಯಿಸಿ ನೋಡಿದರು. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು ಇದಕ್ಕೆ ಭದ್ರವಾದ ತತ್ತ್ವವನ್ನು ಒದಗಿಸಿದರು. ಗುರಿಯಾದ ಕಣವು ಹೀರಬಲ್ಲ ಬೆಳಕನ್ನು, ಅದರ ಶಾಖವು ಪಕ್ಕಕ್ಕೆ ಹರಡುವ ಮುನ್ನವೇ ಮುಗಿಯುವಷ್ಟು ಅಲ್ಪಕಾಲ ಹಾಯಿಸಿದರೆ, ಕಣವು ಒಡೆಯುತ್ತದೆ, ನೆರೆಯ ಚರ್ಮವು ಉಳಿಯುತ್ತದೆ. ಆ ಅಲ್ಪಕಾಲವು ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗಗಳಷ್ಟು. ಈಚಿನ ಕೆಲವು ಯಂತ್ರಗಳಲ್ಲಿ ಅದಕ್ಕಿಂತಲೂ ಕಡಿಮೆ.

ಇಲ್ಲಿ ಗಮನಿಸಬೇಕಾದುದೊಂದುಂಟು. ಲೇಸರು ಬಣ್ಣವನ್ನು ಒಡೆಯುತ್ತದೆ, ಅಷ್ಟೆ. ಒಡೆದ ಚೂರುಗಳನ್ನು ಹೊತ್ತೊಯ್ಯುವುದು ದೇಹದ ಕೆಲಸ. ಅದಕ್ಕೆ ಕಾಲಾವಕಾಶ ಬೇಕು. ಆದುದರಿಂದಲೇ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ಅಂತರದಲ್ಲಿ ಚಿಕಿತ್ಸೆಯನ್ನು ಹಲವು ಸಲ ನಡೆಸುತ್ತಾರೆ. ಹೀಗೆ ಹೊತ್ತೊಯ್ದ ಬಣ್ಣವೂ ಎಲ್ಲವೂ ಹೊರಗೆ ಹೋಗುವುದಿಲ್ಲ; ಕೆಲಪಾಲು ದುಗ್ಧಗ್ರಂಥಿಗಳಲ್ಲಿ ತಂಗುತ್ತದೆ. ಸರಿಯಾದ ಯಂತ್ರವನ್ನು ಬಲ್ಲ ವೈದ್ಯರು ಬಳಸಿದರೆ ಕಲೆ ಬೀಳುವುದು ವಿರಳ. ಆದರೆ ಇಲ್ಲವೇ ಇಲ್ಲವೆನ್ನಲಾಗದು. ಬೆಳಕಿನ ಬಲವು ಮಿತಿಮೀರಿದರೆ, ಗಾಯವು ಮಾಯುವ ಮುನ್ನವೇ ಮತ್ತೆ ಹಾಯಿಸಿದರೆ, ಎದ್ದ ಬೊಬ್ಬೆಯನ್ನು ಕಿತ್ತು ಕೀವುಗಟ್ಟಿಸಿಕೊಂಡರೆ ಕಲೆಯು ನಿಲ್ಲುತ್ತದೆ. ಕೆಲವರ ಚರ್ಮದಲ್ಲಿ, ವಿಶೇಷವಾಗಿ ಎದೆ ಮತ್ತು ಭುಜಗಳಲ್ಲಿ, ಗಾಯವು ಕೆಲಾಯಿಡ್ ಎಂಬ ಉಬ್ಬಿದ ಗಂಟಾಗಿ ಬೆಳೆಯುವ ಸ್ವಭಾವವಿದೆ. ನಮ್ಮಂತಹ ಕಂದುಮೈಯವರಲ್ಲಿ ಚರ್ಮದ ಸಹಜವರ್ಣವೇ ಬೆಳಕನ್ನು ಹೀರಿಕೊಳ್ಳುವುದರಿಂದ ಆ ಜಾಗವು ಬಿಳಿಚುವ ಅಥವಾ ಕಪ್ಪಾಗುವ ಸಂಭವವು ಹೆಚ್ಚು. ಕೆಲವೊಮ್ಮೆ ಹಚ್ಚೆ ಚುಚ್ಚಿದ ಸೂಜಿಯೇ ಮಾಡಿದ ಕಲೆಯು ಬಣ್ಣದ ಅಡಿಯಲ್ಲಿ ಅಡಗಿದ್ದು, ಬಣ್ಣವು ಹೋದ ಮೇಲೆ ಬೆಳಕಿಗೆ ಬರುವುದೂ ಉಂಟು.

ಈಗ ನೀತಿಯ ಪ್ರಶ್ನೆಗೆ ಬರೋಣ. ಎಲ್ಲ ಹಚ್ಚೆಗಳೂ ಒಂದೇ ಬಗೆಯವಲ್ಲ. ಮೊದಲನೆಯದು ಪರರು ಬಲಾತ್ಕಾರದಿಂದ ಒತ್ತಿದುದು. ಬ್ರಿಟಿಷರ ಆಳ್ವಿಕೆಯಲ್ಲಿ ಕೈದಿಗಳ ಹಣೆಯ ಮೇಲೆ ಅಪರಾಧದ ಗುರುತನ್ನು ಚುಚ್ಚುವ ಶಿಕ್ಷೆಯಿತ್ತು. 1849ರಲ್ಲಿ ಅದು ರದ್ದಾಯಿತು. ಆದರೂ 1993ರಲ್ಲಿ ಅಮೃತಸರದ ಪೊಲೀಸರು ನಾಲ್ವರು ಹೆಂಗಸರ ಹಣೆಯ ಮೇಲೆ ಜೇಬುಗಳ್ಳಿ ಎಂಬರ್ಥದ ಮಾತನ್ನು ಚುಚ್ಚಿಸಿದರು. ತಪ್ಪಿತಸ್ಥರಿಗೆ ನ್ಯಾಯಾಲಯವು ಶಿಕ್ಷೆ ವಿಧಿಸಿದ್ದು 2016ರಲ್ಲಿ. ಆ ಹಣೆಯನ್ನು ಹೊತ್ತು ಸಂತೆಗೂ ಶುಭಕಾರ್ಯಕ್ಕೂ ಹೋಗಬೇಕಾದವರ ಪಾಡನ್ನು ವಾಚಕರೇ ಊಹಿಸಲಿ. ಅಂತಹವರಿಗೆ ಗಾಯದ ಕಲೆಯು ಅಕ್ಷರಕ್ಕಿಂತ ಸಾವಿರ ಪಾಲು ಮೇಲು. ಕಲೆಯು ಮೌನವಾಗಿರುತ್ತದೆ, ಅಕ್ಷರವು ಸುಳ್ಳು ಹೇಳುತ್ತದೆ.

ಹಾಗೆಂದು ಬಲಾತ್ಕಾರದ ಗುರುತನ್ನು ಎಲ್ಲರೂ ಅಳಿಸಲೇಬೇಕೆನ್ನಲಾದೀತೇ? ಇಟಲಿಯ ಸಾಹಿತಿ ಪ್ರೀಮೋ ಲೇವಿಯವರ ಮುಂದೋಳಿನ ಮೇಲೆ ಆಶ್ವಿಟ್ಜ್ ಶಿಬಿರದ ನಾಜಿಗಳು 174517 ಎಂಬ ಸಂಖ್ಯೆಯನ್ನು ಚುಚ್ಚಿದ್ದರು. ಅವರು ಅದನ್ನು ಅಳಿಸಿಕೊಳ್ಳಲಿಲ್ಲ. ಆ ಸಾಕ್ಷ್ಯವನ್ನು ಹೊತ್ತವರು ಲೋಕದಲ್ಲಿ ಕೆಲವರೇ ಉಳಿದಿರುವಾಗ ಅಳಿಸುವುದೇಕೆಂಬುದು ಅವರ ಭಾವವಾಗಿತ್ತು. ಟ್ಯೂರಿನ್ ನಗರದಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೂ ಆ ಸಂಖ್ಯೆಯಿದೆ. ಅದೇ ಶಿಬಿರದಿಂದ ಬದುಕಿ ಬಂದ ಬೇರೆ ಕೆಲವರು ತಮ್ಮ ಸಂಖ್ಯೆಯನ್ನು ಕೊಯ್ಯಿಸಿ ತೆಗೆಸಿದರು. ಇವರಲ್ಲಿ ಯಾರು ಸರಿ? ಇಬ್ಬರೂ ಸರಿಯೆಂದೇ ನಮ್ಮ ಅಭಿಪ್ರಾಯ. ಅಂದು ಅವರಿಂದ ಕಸಿದುಕೊಂಡಿದ್ದುದು ತಮ್ಮ ಮೈಯ ಮೇಲಣ ಸ್ವಾಮ್ಯ. ಉಳಿಸಿಕೊಂಡವರೂ ಅಳಿಸಿಕೊಂಡವರೂ ಅದನ್ನೇ ಮರಳಿ ಪಡೆದರು.

ಎರಡನೆಯದು ಸಂಪ್ರದಾಯದ ಹಚ್ಚೆ. ಮಗುವಿನ ಕೈಯನ್ನು ತಾಯಿಯೇ ಹಿಡಿದುಕೊಂಡು, ಅದು ಅಳುತ್ತಿದ್ದರೂ ಸಮಾಧಾನ ಹೇಳುತ್ತ ಚುಚ್ಚಿಸಿದುದು. ಅದರಲ್ಲಿ ಪ್ರೀತಿಯಿದ್ದಿತು, ಮಗುವಿನ ಒಪ್ಪಿಗೆಯಿರಲಿಲ್ಲ. ಬೆಳೆದ ಮಗಳು ಪಟ್ಟಣದ ಕೆಲಸಕ್ಕೆ ಹೋಗಿ ಅದನ್ನು ಅಳಿಸಬಯಸಿದರೆ ತಾಯಿಗೆ ದ್ರೋಹವೆಸಗಿದಂತೆ ಎಂದು ನಾವು ಹೇಳಲಾರೆವು. ಆದರೆ ಸಹಪಾಠಿಗಳ ನಗೆಗೆ ಅಂಜಿ ಅಳಿಸಹೊರಟರೆ, ಚಿಕಿತ್ಸೆಯು ಬೇಕಾದುದು ನಗುವವರಿಗೆ.

ಮೂರನೆಯದು ತಾರುಣ್ಯದ ಉತ್ಸಾಹದಲ್ಲಿ ತಾನೇ ಬರೆಸಿಕೊಂಡುದು. ಜಾತ್ರೆಯಲ್ಲಿ ಪ್ರಿಯರ ಹೆಸರು, ನಟನ ಮುಖ, ತೋಳಿನ ಮೇಲೆ ಹುಲಿ. ಮುಂದೆ ಭೂಸೇನೆಯ ಭರ್ತಿಗೆ ಹೋದಾಗ, ಪರಂಪರೆಯಿಂದ ಹಚ್ಚೆ ಧರಿಸುವ ಬುಡಕಟ್ಟುಗಳ ಹೊರತು ಉಳಿದವರಿಗೆ ಮುಂದೋಳಿನ ಒಳಭಾಗ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಅದಕ್ಕೆ ಸಮ್ಮತಿಯೆಂದು ತಿಳಿದು ತರುಣನು ಕಂಗಾಲಾಗುತ್ತಾನೆ. ಆಗ ‘ಮಾಡಿದ್ದುಣ್ಣೋ ಮಹರಾಯ’ ಎನ್ನುವವರು ಬಹಳ. ಈ ಮಾತಿನಲ್ಲಿ ನ್ಯಾಯದ ಅಂಶವಿದ್ದರೂ ಕರುಣೆಯ ಅಂಶವು ಸಾಲದು. ತಿಂಗಳುಗಟ್ಟಲೆ ಉರಿಯನ್ನು ಸಹಿಸಿ, ಹಣವನ್ನು ವ್ಯಯಿಸಿ, ಕಲೆಯ ಭಯವನ್ನೂ ಹೊತ್ತು ಅಳಿಸಿಕೊಳ್ಳುವವನು ಮಾಡಿದುದನ್ನು ಉಣ್ಣುತ್ತಲೇ ಇದ್ದಾನಲ್ಲವೇ? ಹದಿನೆಂಟರ ಹುಡುಗನ ಒಂದು ಗಳಿಗೆಯ ಮಾತಿಗೆ ಐವತ್ತರ ಮನುಷ್ಯನನ್ನು ಕಟ್ಟಿಹಾಕುವುದು ಯಾವ ಧರ್ಮ?

ಆದರೆ ಅವನಿಗೆ ನಾವು ಹೇಳಬೇಕಾದ ಮಾತೂ ಒಂದುಂಟು. ಬರುವ ತಿಂಗಳೊಳಗೆ ಏನೂ ಆಗಿಯೇ ಇರಲಿಲ್ಲವೆಂಬಂತೆ ಚರ್ಮವಿರಬೇಕೆಂದು ಅವಸರಪಡುವವನೇ ಅರೆಗಲಿತವರ ಅಂಗಡಿಗೆ ಹೋಗಿ, ಅಂತರವನ್ನು ಮುರಿದು, ಆಮ್ಲವನ್ನು ಸವರಿಕೊಂಡು ಮೈಯನ್ನು ಸುಟ್ಟುಕೊಳ್ಳುತ್ತಾನೆ. ಹಚ್ಚೆಯನ್ನು ಬರೆಸಿಕೊಂಡ ಅವಸರವೇ ಅಳಿಸುವಾಗಲೂ ಅವನನ್ನು ಆಳುತ್ತಿರುತ್ತದೆ. ಪಶ್ಚಾತ್ತಾಪದ ರೀತಿಯೂ ಇದೇ. ಹಳೆಯ ತಪ್ಪನ್ನು ಇಲ್ಲವೆನಿಸಲು ಹೆಣಗುವವನು ಹೊಸ ಗಾಯವನ್ನು ಮಾಡಿಕೊಳ್ಳುತ್ತಾನೆ. ಅದನ್ನು ಚೂರುಚೂರಾಗಿ ಕರಗಲು ಬಿಟ್ಟವನು ಗುಣಹೊಂದುತ್ತಾನೆ. ಕೊನೆಗೆ ಒಂದಿಷ್ಟು ಕಲೆಯು ಉಳಿದರೂ ನಾಚಬೇಕಾದುದಿಲ್ಲ. ಗಾಯ ಮಾದರೂ ಕಲೆ ಮಾಯದು ಎಂಬ ಗಾದೆಯನ್ನು ನಾವು ದುಃಖದಿಂದಲೇ ಹೇಳುತ್ತೇವೆ. ಆದರೆ ಆ ಗಾದೆಯ ಮೊದಲರ್ಧವು ಗಾಯವು ಮಾದಿತೆಂಬ ಶುಭವಾರ್ತೆಯೇ ಆಗಿದೆ.

ಉಪಾಧ್ಯಾಯ ಬಂಧುಗಳು ತರಗತಿಯಲ್ಲಿ ಈ ವಿಷಯವನ್ನು ಎತ್ತಿದರೆ ಒಳಿತು. ಸೂಜಿಗೆ ಕೈಯೊಡ್ಡುವ ಮುನ್ನ ಯೋಚಿಸೆಂದು ಮಕ್ಕಳಿಗೆ ಹೇಳೋಣ. ಒಡ್ಡಿದವನನ್ನು ಹೀಯಾಳಿಸದೆ, ಬಲ್ಲ ಚರ್ಮವೈದ್ಯರ ಬಳಿಗೆ ಹೋಗೆಂದೂ ತಾಳ್ಮೆಯಿಂದಿರೆಂದೂ ಹೇಳೋಣ. ಉಳಿಸುವುದೋ ಅಳಿಸುವುದೋ ಎಂಬುದನ್ನು ಮಾತ್ರ, ಆ ಮೈಯಲ್ಲಿ ಬಾಳಬೇಕಾದವರಿಗೇ ಬಿಡೋಣ.