ಗೆಲುವಿನ ಮರುದಿನ

ವಿಜಯದಶಮಿಯು ಗೆಲುವಿನ ದಿನ. ಆದರೆ ತಪಸ್ಸಿನಿಂದ ವರ ಪಡೆದ ಮಹಿಷನು ಕೆಟ್ಟದ್ದು ವರ ಕೈಸೇರಿದ ಮೇಲೆಯೇ ಎಂಬುದನ್ನು ನವರಾತ್ರಿಯ ಕಥೆ ಕೇಳಿದವರೆಲ್ಲ ಬಲ್ಲರು. ಗೆಲುವಿನ ಮರುದಿನ ಮನುಷ್ಯನು ಹೇಗೆ ಎಚ್ಚರವಾಗಿರಬೇಕು? ಈ ಪ್ರಶ್ನೆಯನ್ನು ಕ್ರೈಸ್ತ ಧರ್ಮಗ್ರಂಥವೂ ಗಂಭೀರವಾಗಿ ಎತ್ತಿಕೊಂಡಿದೆ.

ನಾಲ್ವತ್ತು ವರ್ಷ ಅರಣ್ಯದಲ್ಲಿ ಅಲೆದ ಜನಕ್ಕೆ ಮೋಶೆಯು ಧರ್ಮೋಪದೇಶಕಾಂಡದಲ್ಲಿ ಹೇಳುವ ಎಚ್ಚರಿಕೆ ಹಸಿವನ್ನು ಕುರಿತದ್ದಲ್ಲ. ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ಬೆಳ್ಳಿಬಂಗಾರ ಹೆಚ್ಚಿದಾಗ, ಇದೆಲ್ಲ ತನ್ನ ತೋಳ್ಬಲದ ಫಲವೆಂದು ಮನಸ್ಸು ಉಬ್ಬೀತು ಎಂಬುದೇ ಅವನ ಭಯ. ಡೊಂಬಿವಲಿಯಲ್ಲಿ ನೆಲೆಸಿದ ಕ್ರೈಸ್ತ ಕನ್ನಡಿಗನಿಗೆ ಈ ಮಾತು ದೂರದ್ದಾಗಿ ತೋರದು. ಬರಿಗೈಯಲ್ಲಿ ಊರು ಬಿಟ್ಟು, ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದಿ, ನಾಲ್ಕಾರು ಜನರೊಡನೆ ಒಂದೇ ಖೋಲಿಯಲ್ಲಿ ಮಲಗಿದ ಕಾಲದಲ್ಲಿ ಪ್ರಾರ್ಥನೆ ತಾನಾಗಿ ಬರುತ್ತಿತ್ತು. ಸ್ವಂತ ಫ್ಲ್ಯಾಟಿಗೆ ಬಂದ ಮೇಲೆ ಅದಕ್ಕೆ ವೇಳೆ ಹುಡುಕಬೇಕಾಗುತ್ತದೆ. ಲೋಕಲ್ ರೈಲಿನ ನೂಕುನುಗ್ಗಲನ್ನು ದೂರಬಹುದು. ಆದರೆ ಆ ನೂಕುನುಗ್ಗಲು ಆಗಲೂ ಇತ್ತಲ್ಲವೆ?

ಹಾಗಾದರೆ ಏಳಿಗೆಯೇ ಪಾಪವೆ? ಅಲ್ಲ. ಉಜ್ಜೀಯನು 16ನೆಯ ವಯಸ್ಸಿನಲ್ಲಿ ಯೆಹೂದದ ಅರಸನಾಗಿ 52 ವರ್ಷ ಆಳಿದವನು. ಬುರುಜು ಕಟ್ಟಿಸಿದ, ಬಾವಿ ತೋಡಿಸಿದ, ಬೇಸಾಯವನ್ನು ಪ್ರೀತಿಸಿದ. ದೇವರ ನೆರವಿನಿಂದಲೇ ಅವನು ಬಲಿಷ್ಠನಾದನೆಂದು ಗ್ರಂಥವೇ ಹೇಳುತ್ತದೆ. ಬಲ ಬಂದ ಬಳಿಕ ಗರ್ವವೂ ಬಂದಿತು. ಯಾಜಕರಿಗೆ ಮೀಸಲಾದ ಧೂಪಾರತಿಯನ್ನು ತಾನೇ ಮಾಡಹೊರಟನು. ಗಮನಿಸಬೇಕಾದುದು ಇದು: ಅವನು ದೇವಾಲಯವನ್ನು ತೊರೆದು ಕೆಡಲಿಲ್ಲ, ದೇವಾಲಯದ ಒಳಗೇ ಕೆಟ್ಟನು. ಹಬ್ಬಕ್ಕೆ ದೊಡ್ಡ ವಂತಿಗೆ ಕೊಟ್ಟು ಮುಂದಿನ ಸಾಲಿನ ಕುರ್ಚಿಯನ್ನು ನಿರೀಕ್ಷಿಸುವವರು ಯಾವ ಮತದಲ್ಲಿಲ್ಲ!

ಯಾಜಕರು ತಡೆದಾಗ ಉಜ್ಜೀಯನು ಸಿಟ್ಟಾದನು. ಹಣೆಯಲ್ಲಿ ಕುಷ್ಠ ಮೂಡಿತು. ಕೊನೆಯವರೆಗೂ ಪ್ರತ್ಯೇಕ ಮನೆಯಲ್ಲಿ ಬಾಳಿದನು. ದಾವೀದನ ಅಪರಾಧ ಇದಕ್ಕಿಂತ ಘೋರವಾದುದು. ಸೈನ್ಯವನ್ನು ಯುದ್ಧಕ್ಕೆ ಕಳುಹಿಸಿ ತಾನು ಅರಮನೆಯಲ್ಲಿ ಉಳಿದಾಗ, ಊರೀಯನ ಹೆಂಡತಿಯನ್ನು ಬಯಸಿ, ಆ ನಿಷ್ಠಾವಂತ ಯೋಧನ ಸಾವಿಗೂ ಕಾರಣನಾದನು. ಆದರೆ ಪ್ರವಾದಿ ನಾತಾನನು ಎದುರಿಗೆ ನಿಂತು ತಪ್ಪನ್ನು ತೋರಿದಾಗ ಅವನು ಸಿಟ್ಟಾಗಲಿಲ್ಲ, ಒಪ್ಪಿಕೊಂಡನು. ಇಬ್ಬರಿಗೂ ಎಚ್ಚರಿಸುವವರಿದ್ದರು; ಒಬ್ಬನಿಗೆ ಮಾತ್ರ ಕಿವಿಯಿತ್ತು. ತನ್ನ ಮೇಲೆ ತಾನೇ ಕಣ್ಣಿಟ್ಟರೆ ಸಾಲದು. ಎಷ್ಟು ನುರಿತ ಖಜಾಂಚಿಯಾದರೂ ಸಂಜೆಯ ನಗದನ್ನು ಇನ್ನೊಬ್ಬರ ಕಣ್ಣೆದುರು ತಾಳೆ ನೋಡಬೇಕು.

ಖೋಲಿಯಲ್ಲಿ ಆ ಇನ್ನೊಬ್ಬನಿದ್ದನು. ಭಾನುವಾರದ ಪೂಜೆ ತಪ್ಪಿಸಿದರೆ ಪಕ್ಕದ ಚಾಪೆಯವನು ಕೇಳುತ್ತಿದ್ದನು. ಫ್ಲ್ಯಾಟಿನ ಬಾಗಿಲು ಮುಚ್ಚಿದ ಮೇಲೆ ಕೇಳುವವರಿಲ್ಲ, ಬರುವವರೆಲ್ಲ ಹೊಗಳುವವರೇ.

ಕನ್ನಡಿಗರು ಮರೆಯಲಾಗದ ಕ್ರೈಸ್ತನೊಬ್ಬನುಂಟು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರ ಮಹಾನಿಘಂಟು 1894ರಲ್ಲಿ ಹೊರಬಂದಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅವರ ಅಂತರಂಗವನ್ನು ದೇವರೇ ಬಲ್ಲ. ಕೈ ಮಾಡಿದ ಕೆಲಸ ಮಾತ್ರ ಲೋಕಕ್ಕೆ ಕಾಣುತ್ತದೆ. ಸನ್ಮಾನದ ಬಳಿಕವೂ ಅವರು ಮೇಜಿಗೆ ಮರಳಿದರು. ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.